ಗಣಕದೊಳಗೆ ಜಗಲಿ ಕಟ್ಟುವ ಬಗೆ

ಮೂವತ್ತು ನಲವತ್ತರ ಸೈಟೊಂದನ್ನು ಕೊಂಡವನು, ಎಂಜಿನಿಯರರ ಬಳಿಗೆ ಹೋಗುವುದಕ್ಕೆ ಮೊದಲು, ತನ್ನ ಮನಸ್ಸಿನಲ್ಲಿ ನೆಲೆಸಿರುವ ಮನೆಯನ್ನು ತಾನೇ ಒಮ್ಮೆ ಬರೆದು ನೋಡಬೇಕೆಂದು ಬಯಸುವುದು ಸಹಜವೂ ಶ್ಲಾಘ್ಯವೂ ಆದ ಸಂಗತಿ. ಏಕೆಂದರೆ ಹಾಗೆ ಬರೆದು ನೋಡಿದವನು ಮಾತ್ರ ಅಡುಗೆಮನೆಗೂ ಊಟದ ಜಾಗಕ್ಕೂ ನಡುವೆ ದಿನವೂ ಎಷ್ಟು ಹೆಜ್ಜೆ ಹಾಕಬೇಕಾದೀತೆಂಬುದನ್ನು ಗೋಡೆ ಎದ್ದ ಮೇಲಲ್ಲ, ಗೋಡೆ ಏಳುವ ಮುನ್ನವೇ ತಿಳಿಯಬಲ್ಲನು. ಈ ಕಾರ್ಯಕ್ಕೆ ಹಿಂದೆ ಚೌಕಳಿ ಕಾಗದವೂ ಸೀಸದ ಕಡ್ಡಿಯೂ ಒದಗುತ್ತಿದ್ದವು. 1963ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಐವನ್ ಸದರ್‌ಲ್ಯಾಂಡರು ತಮ್ಮ ಸಂಶೋಧನಾ ಪ್ರಬಂಧಕ್ಕಾಗಿ ‘ಸ್ಕೆಚ್‌ಪ್ಯಾಡ್’ ಎಂಬುದನ್ನು ರಚಿಸಿ, ಬೆಳಕಿನ ಲೇಖನಿಯಿಂದ ಗಣಕದ ಪರದೆಯ ಮೇಲೆ ಗೆರೆ ಎಳೆದು ತೋರಿಸಿದರು. 1982ರಲ್ಲಿ ಆಟೋಕ್ಯಾಡ್ ಬಂದು ಆ ವಿದ್ಯೆಯನ್ನು ವೃತ್ತಿನಿರತರ ಮೇಜಿಗೆ ತಂದಿತು. 2000ದಲ್ಲಿ ಸ್ಕೆಚ್‌ಅಪ್ ಬಂದು ಹವ್ಯಾಸಿಗಳ ಕೈಗೂ ಅದನ್ನು ಎಟುಕಿಸಿತು. ಆದರೆ ಮನೆಯೊಂದನ್ನೇ ಉದ್ದೇಶವಾಗಿಟ್ಟುಕೊಂಡು, ಹಣ ತೆರದೆ, ಸಾಧಾರಣ ಗಣಕದಲ್ಲಿ ಕೆಲಸ ಮಾಡಬಯಸುವವರಿಗೆ ನಾನು ಹೇಳುವ ಹೆಸರು ಒಂದೇ: ಫ್ರಾನ್ಸಿನ ಎಮಾನ್ಯುಯೆಲ್ ಪ್ಯುಬಾರೆ ಎಂಬವರು ರಚಿಸಿ, ಮೂಲಸಂಕೇತದೊಡನೆ ಲೋಕಕ್ಕೆ ಬಿಟ್ಟುಕೊಟ್ಟಿರುವ ‘ಸ್ವೀಟ್ ಹೋಮ್ ತ್ರೀಡಿ’.

ಈ ತಂತ್ರಾಂಶದ ಗುಣಗಳನ್ನು ವರ್ಣಿಸುವುದು ಇಂದಿನ ಅಂಕಣದ ಉದ್ದೇಶವಲ್ಲ. ಯಾವ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ನಿರ್ಮಿಸಿದರೋ ಆ ಮನೆ ನಮ್ಮದಲ್ಲ ಎಂಬುದನ್ನು ಮೊದಲು ಗ್ರಹಿಸಬೇಕು. ಮೀಟರ್ ಪದ್ಧತಿಯಲ್ಲಿ ತೆರೆದ ಹೊಸ ಹಾಳೆಯಲ್ಲಿ ಗೋಡೆಯ ದಪ್ಪ 7.5 ಸೆಂಟಿಮೀಟರ್, ಅಂದರೆ ಮೂರು ಅಂಗುಲ. ಎತ್ತರ 250 ಸೆಂಟಿಮೀಟರ್, ಅಂದರೆ ಎಂಟು ಅಡಿ ಎರಡು ಅಂಗುಲಕ್ಕೆ ತುಸು ಹೆಚ್ಚು. ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ, ಒಳಗೆ ನಾಲ್ಕೂವರೆಯ ಅಡ್ಡಗೋಡೆ, ಹತ್ತು ಅಡಿಯ ಎತ್ತರ, ಇವನ್ನು ರೂಢಿಯಾಗಿ ಉಳ್ಳ ನಾಡಿನವನು ಆ ಅಂಕೆಗಳನ್ನು ತಿದ್ದದೆಯೇ ಗೆರೆ ಎಳೆಯತೊಡಗಿದರೆ, ಪರದೆಯ ಮೇಲೆ ವಿಶಾಲವಾಗಿ ತೋರಿದ ಕೋಣೆಗಳೆಲ್ಲ ಗಾರೆ ಬಿದ್ದ ಮೇಲೆ ಕುಗ್ಗಿಹೋಗುತ್ತವೆ. ಆದುದರಿಂದ ಮೊದಲು ಆದ್ಯತೆಗಳ ಪುಟವನ್ನು ತೆರೆದು, ಅಳತೆಯನ್ನು ಅಡಿ–ಅಂಗುಲಕ್ಕೆ ತಿರುಗಿಸಿ, ದಪ್ಪವನ್ನೂ ಎತ್ತರವನ್ನೂ ನಮ್ಮ ರೂಢಿಗೆ ಹೊಂದಿಸಿದ ಬಳಿಕವೇ ಮೊದಲ ಗೋಡೆಗೆ ಕೈಹಾಕಬೇಕು.

ಇದಕ್ಕಿಂತ ಸೂಕ್ಷ್ಮವಾದ ವಿಷಯವೊಂದುಂಟು. ಈ ತಂತ್ರಾಂಶವು ಗೋಡೆಯ ಉದ್ದವನ್ನು ಅದರ ಹೊರಮೈಯಿಂದಲೂ ಅಳೆಯುವುದಿಲ್ಲ, ಒಳಮೈಯಿಂದಲೂ ಅಳೆಯುವುದಿಲ್ಲ. ದಪ್ಪದ ನಡುವೆ ಹಾಯುವ ಮಧ್ಯರೇಖೆಯಿಂದ ಅಳೆಯುತ್ತದೆ. ಹೊರ ಅಂಚಿನಿಂದ ಹೊರ ಅಂಚಿಗೆ ಇಪ್ಪತ್ತನಾಲ್ಕು ಅಡಿ ಅಗಲದ ಮನೆಯನ್ನು ಬಯಸುವವನು ಇಪ್ಪತ್ತನಾಲ್ಕು ಎಂದೇ ನಮೂದಿಸಿದರೆ, ಎರಡೂ ಬದಿಯಲ್ಲಿ ಗೋಡೆಯ ಅರ್ಧರ್ಧ ದಪ್ಪ ಹೊರಗೆ ಚಾಚಿ ಮನೆಯ ಅಗಲ ಇಪ್ಪತ್ತನಾಲ್ಕು ಅಡಿ ಒಂಬತ್ತು ಅಂಗುಲವಾಗುತ್ತದೆ. ಮಿಕ್ಕ ಆ ಒಂಬತ್ತು ಅಂಗುಲವು ಸೆಟ್‌ಬ್ಯಾಕಿನ ಜಾಗವನ್ನು ನುಂಗುತ್ತದೆ. ಇಪ್ಪತ್ತಮೂರು ಅಡಿ ಮೂರು ಅಂಗುಲವೆಂದು ನಮೂದಿಸಿದರೆ ಹೊರಗೆ ಇಪ್ಪತ್ತನಾಲ್ಕು ಬರುತ್ತದೆ, ಒಳಗೆ ಇಪ್ಪತ್ತೆರಡೂವರೆ ಉಳಿಯುತ್ತದೆ. ಕೋಣೆಯ ಉಪಕರಣವನ್ನು ಆಯ್ದು ನಾಲ್ಕು ಗೋಡೆಗಳ ನಡುವೆ ಎರಡು ಸಲ ಒತ್ತಿದರೆ, ಒಳಮೈಗಳನ್ನೇ ಗಡಿಯಾಗಿ ಹಿಡಿದು ನೆಲ ತಾನಾಗಿ ಮೂಡುತ್ತದೆ. ಅಲ್ಲಿ ಕಾಣುವ ಚದರಡಿಯ ಲೆಕ್ಕ ನಾವು ನಿಜವಾಗಿ ನಡೆದಾಡುವ ನೆಲದ್ದು.

ಮೌಸಿನಿಂದ ಎಳೆದ ಉದ್ದವನ್ನು ಎಂದಿಗೂ ನಂಬಬಾರದು. ಗೋಡೆ ಎಳೆಯುತ್ತಿರುವಾಗಲೇ ಎಂಟರ್ ಕೀಲಿಯನ್ನು ಒತ್ತಿದರೆ ಉದ್ದ, ಕೋನ, ದಪ್ಪಗಳನ್ನು ಅಂಕೆಗಳಲ್ಲಿಯೇ ಬರೆಯಲು ಎಡೆಯಾಗುತ್ತದೆ. ಕೋನಗಳು ಹದಿನೈದು ಡಿಗ್ರಿಗಳ ಗುಣಕಗಳಿಗೆ ಅಂಟಿಕೊಳ್ಳುವ ಅಯಸ್ಕಾಂತಗುಣವನ್ನು, ವಿಂಡೋಸ್ ಗಣಕದಲ್ಲಿ ಆಲ್ಟ್ ಕೀಲಿಯನ್ನು ಹಿಡಿದಿರುವಷ್ಟು ಹೊತ್ತು ತಡೆಹಿಡಿಯಬಹುದು.

ಮೂವತ್ತು ನಲವತ್ತರ ಸೈಟಿಗೆ ಒಂದು ಸೊಗಸಾದ ಗುಣವಿದೆ: ಅದರ ಕರ್ಣ ಸರಿಯಾಗಿ ಐವತ್ತು ಅಡಿ. ಮೂರು, ನಾಲ್ಕು, ಐದರ ಈ ಸಂಬಂಧವನ್ನು ಬೌಧಾಯನ ಶುಲ್ಬಸೂತ್ರಕಾರನು ಯಜ್ಞವೇದಿಕೆಗಳ ರಚನೆಗಾಗಿ ಬಲ್ಲವನಾಗಿದ್ದನು. ಇಂದಿಗೂ ನಮ್ಮ ಮೇಸ್ತ್ರಿಗಳು ಪಾಯ ತೋಡುವ ಮುನ್ನ ಹಗ್ಗ ಹಿಡಿದು ಮೂಲೆ ಕೂಡಿಸುವುದು ಇದೇ ಲೆಕ್ಕದಿಂದ. ಆದುದರಿಂದ ಗಣಕವನ್ನು ತೆರೆಯುವುದಕ್ಕೆ ಮೊದಲು ಟೇಪನ್ನು ಹಿಡಿದು ಸೈಟಿನ ಎರಡೂ ಕರ್ಣಗಳನ್ನು ಅಳೆಯಬೇಕು. ಐವತ್ತು ಬಾರದಿದ್ದರೆ ಸೈಟು ಓರೆಯಾಗಿದೆಯೆಂದು ಅರ್ಥ. ಅಂತಹ ಸೈಟನ್ನು ಸ್ವೀಟ್ ಹೋಮಿನಲ್ಲಿ ನೇರವಾಗಿ ಬರೆಯುವುದು ಕಷ್ಟ. ಅದಕ್ಕೆ ಲಿಬ್ರೆಕ್ಯಾಡ್ ಎಂಬ ಮತ್ತೊಂದು ಉಚಿತ ತಂತ್ರಾಂಶದಲ್ಲಿ ಕರ್ಣದ ಎರಡು ತುದಿಗಳಿಂದ ಬದಿಗಳ ಉದ್ದವನ್ನೇ ತ್ರಿಜ್ಯವಾಗಿ ಹಿಡಿದು ವೃತ್ತಗಳನ್ನು ಎಳೆದು, ಅವು ಛೇದಿಸುವ ಬಿಂದುಗಳಲ್ಲಿ ಮೂಲೆಗಳನ್ನು ಕಂಡುಕೊಂಡು, ಆ ಚಿತ್ರವನ್ನು ಇಲ್ಲಿಗೆ ಹಿನ್ನೆಲೆಯಾಗಿ ತಂದುಕೊಳ್ಳುವುದೇ ಮಾರ್ಗ. ಹಳೆಯ ಮನೆಯ ಕಾಗದದ ನಕ್ಷೆಯನ್ನು ಹೀಗೆ ಹಿನ್ನೆಲೆಯಾಗಿ ಇಡುವವರು ಪ್ರಮಾಣವನ್ನು ಗೊತ್ತುಮಾಡುವಾಗ ಬಾಗಿಲಿನಂಥ ಕಿರಿದಾದ ಅಳತೆಯನ್ನು ಆಶ್ರಯಿಸಬಾರದು: ಮೂರು ಅಡಿಯ ಬಾಗಿಲಿನಲ್ಲಿ ಒಂದು ಅಂಗುಲ ತಪ್ಪಿದರೆ ನಲವತ್ತು ಅಡಿಯ ಬದಿಯಲ್ಲಿ ಹದಿಮೂರು ಅಂಗುಲಕ್ಕೂ ಮಿಕ್ಕಿ ತಪ್ಪುತ್ತದೆ. ನಕ್ಷೆಯಲ್ಲಿ ಸಿಕ್ಕುವ ಅತ್ಯಂತ ಉದ್ದವಾದ ಅಳತೆಯನ್ನೇ ಹಿಡಿಯತಕ್ಕದ್ದು.

ಈಗ ನಮ್ಮ ಮನೆಗಳಿಗೆ ವಿಶಿಷ್ಟವಾದ ಅಂಗಗಳ ವಿಚಾರ. ತಂತ್ರಾಂಶದ ಭಂಡಾರದಲ್ಲಿ ಸೋಫಾ ಉಂಟು, ಸ್ನಾನದ ತೊಟ್ಟಿಯುಂಟು. ಆದರೆ ಜಗಲಿ ಇಲ್ಲ, ದೇವರ ಗೂಡು ಇಲ್ಲ, ತುಳಸಿಕಟ್ಟೆ ಇಲ್ಲ. ಇದರಿಂದ ನಿರಾಶರಾಗಿ, ಜಗಲಿಯಿಲ್ಲದ ನಕ್ಷೆಯನ್ನು ಬರೆದು, ಕೊನೆಗೆ ಜಗಲಿಯಿಲ್ಲದ ಮನೆಯನ್ನೇ ಕಟ್ಟಿಕೊಂಡವರೂ ಇರಬಹುದೆಂಬುದು ನನ್ನನ್ನು ನಿಜವಾಗಿ ನೋಯಿಸುವ ಸಂಗತಿ; ಉಪಕರಣದಲ್ಲಿ ಒಂದು ವಸ್ತುವಿಲ್ಲವೆಂಬ ಕಾರಣಕ್ಕೆ ಅದು ಬದುಕಿನಿಂದಲೂ ಮರೆಯಾಗಬೇಕಾಗಿಲ್ಲ. ಜಗಲಿಯೆಂದರೆ ಈ ತಂತ್ರಾಂಶದ ದೃಷ್ಟಿಯಲ್ಲಿ ಕುಳ್ಳಾದ, ದಪ್ಪವಾದ ಗೋಡೆ, ಅಷ್ಟೆ. ಪ್ರತಿಯೊಂದು ಗೋಡೆಗೂ ಬೇರೆ ಬೇರೆ ದಪ್ಪ, ಎತ್ತರಗಳನ್ನು ಕೊಡಲು ಸಾಧ್ಯವಿರುವುದರಿಂದ, ಮುಂಬಾಗಿಲಿನ ಇಕ್ಕೆಲಗಳಲ್ಲಿ ಎರಡು ಅಡಿ ದಪ್ಪದ, ಒಂದೂವರೆ ಅಡಿ ಎತ್ತರದ ಗೋಡೆಗಳನ್ನು ಎಳೆದರೆ ಜಗಲಿ ಸಿದ್ಧವಾಯಿತು. ದೇವರ ಗೂಡಿನ ಉಪಾಯ ಇನ್ನೂ ಸ್ವಾರಸ್ಯಕರ. ಇಲ್ಲಿ ಬಾಗಿಲು ಕಿಟಕಿಗಳು ಗೋಡೆಯನ್ನು ಈಚೆಯಿಂದ ಆಚೆಗೆ ಪೂರ್ತಿಯಾಗಿ ಕೊರೆಯುತ್ತವೆ. ಅರ್ಧ ಆಳದ ಗೂಡನ್ನು ಕೊರೆಯುವ ಉಪಕರಣವಿಲ್ಲ. ಆದರೆ ಒಂಬತ್ತು ಅಂಗುಲದ ಒಂದು ಗೋಡೆಗೆ ಬದಲಾಗಿ ನಾಲ್ಕೂವರೆಯ ಎರಡು ಗೋಡೆಗಳನ್ನು ಮೈಗೆ ಮೈ ತಾಗಿಸಿ ನಿಲ್ಲಿಸಿ, ಬಾಗಿಲಿಲ್ಲದ ಬರಿಯ ಚೌಕಟ್ಟೊಂದನ್ನು ನಾಲ್ಕೂವರೆ ಅಂಗುಲದ ಆಳಕ್ಕೆ ಇಳಿಸಿ, ಒಳಗೋಡೆಯಲ್ಲಿ ಮಾತ್ರ ಇಟ್ಟರೆ, ಹಿಂದಿನ ಗೋಡೆ ಅಖಂಡವಾಗಿ ಉಳಿದು ಗೂಡು ತೆರೆದುಕೊಳ್ಳುತ್ತದೆ. ತುಳಸಿಕಟ್ಟೆಯನ್ನು ಪೆಟ್ಟಿಗೆಯಾಕಾರದ ಸರಳ ಘನಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿ, ಅದನ್ನೇ ‘ಓಬಿಜೆ’ ಕಡತವಾಗಿ ಹೊರತೆಗೆದು, ಮತ್ತೆ ಪೀಠೋಪಕರಣವಾಗಿ ಒಳಗೆ ಕರೆದುಕೊಂಡರೆ, ಅಂದಿನಿಂದ ಅದು ನಿಮ್ಮ ಭಂಡಾರದ ಸ್ವತ್ತು. ತೊಟ್ಟಿಮನೆಯನ್ನು ಬರೆಯುವವರು ಅಂಗಳದ ಸುತ್ತಲಿನ ಪಡಸಾಲೆಯನ್ನು ಒಂದೇ ಕೋಣೆಯಾಗಿ ಬರೆಯಲು ಹೆಣಗದೆ, ಎರಡು ಮೂಲೆಮಟ್ಟಗಳ ಆಕಾರದಲ್ಲಿ ಎರಡು ಭಾಗಗಳಾಗಿ ಬರೆದು ಜೋಡಿಸಿ, ನಡುವಣ ತೊಟ್ಟಿಗೆ ಮಾತ್ರ ಛಾವಣಿ ತೋರಬಾರದೆಂದು ಗುರುತು ಹಾಕಿದರೆ, ಒಳಗೆ ನಿಂತು ನೋಡುವಾಗ ಆಕಾಶ ಕಾಣಿಸುತ್ತದೆ.

ಮೆಟ್ಟಿಲುಗಳ ವಿಷಯದಲ್ಲಿ ಮಾತ್ರ ತುಂಬ ಎಚ್ಚರ ಬೇಕು. ಬೇರಾವ ಅಂಗದಲ್ಲಿಯೂ ಕಣ್ಣು ಇಷ್ಟು ಸುಲಭವಾಗಿ ಮೋಸಹೋಗುವುದಿಲ್ಲ. ಭಂಡಾರದ ಮೆಟ್ಟಿಲು ಸಾಲು ಒಂದು ಸಿದ್ಧವಾದ ಮಾದರಿ. ಅದನ್ನು ಎತ್ತರಕ್ಕೆ ಹಿಗ್ಗಿಸಿದರೆ ಮೆಟ್ಟಿಲುಗಳ ಸಂಖ್ಯೆ ಹೆಚ್ಚುವುದಿಲ್ಲ, ಇರುವ ಮೆಟ್ಟಿಲುಗಳೇ ಎತ್ತರವಾಗುತ್ತವೆ. ಚಿತ್ರದಲ್ಲಿ ಎಲ್ಲವೂ ಅಂದವಾಗಿ ಕಾಣುತ್ತಿರಲು, ವಾಸ್ತವದಲ್ಲಿ ಅಜ್ಜಿಯೊಬ್ಬರು ಏರಲಾರದ ಏಣಿಯೊಂದು ಅಲ್ಲಿ ಅಡಗಿರುತ್ತದೆ. ಆದುದರಿಂದ ಮೊದಲು ಕಾಗದದ ಮೇಲೆ ಲೆಕ್ಕ ಹಾಕಬೇಕು: ನೆಲದಿಂದ ಮೇಲಿನ ನೆಲದವರೆಗೆ ಹತ್ತು ಅಡಿ, ಅಂದರೆ ನೂರಿಪ್ಪತ್ತು ಅಂಗುಲ ಇದ್ದರೆ, ಹದಿನೆಂಟು ಏರುಗಳಿಂದ ಭಾಗಿಸಿದಾಗ ಒಂದೊಂದೂ ಆರೂ ಮುಕ್ಕಾಲು ಅಂಗುಲಕ್ಕೆ ಕೊಂಚ ಕಡಮೆಯಾಗುತ್ತದೆ, ಇದು ಹಿತವಾದ ಏರು. ಅವನ್ನು ಒಂಬತ್ತು–ಒಂಬತ್ತಾಗಿ ಎರಡು ಸಾಲು ಮಾಡಿದರೆ ಒಂದು ಸಾಲಿಗೆ ಎಂಟು ತುಳಿಗಳು. ತುಳಿಯೊಂದಕ್ಕೆ ಹತ್ತು ಅಂಗುಲದಂತೆ ಆರು ಅಡಿ ಎಂಟು ಅಂಗುಲ. ನಡುವೆ ತಿರುವಿನ ಜಾಗಕ್ಕೆ ಮೂರು ಅಡಿ. ಛಾವಣಿಯ ಮೋಲ್ಡಿನ ದಪ್ಪವನ್ನು ಈ ಎತ್ತರಕ್ಕೆ ಸೇರಿಸಿಕೊಳ್ಳುವುದನ್ನು ಬಿಟ್ಟರೆ ಕೊನೆಯ ಮೆಟ್ಟಿಲು ಮಾತ್ರ ಉಳಿದವುಗಳಿಗಿಂತ ಎತ್ತರವಾಗುತ್ತದೆ, ಕಾಲು ಎಡವುವುದು ಅಲ್ಲಿಯೇ. ಲೆಕ್ಕ ಕೂಡಿದ ಬಳಿಕ ಒಂದು ಪೆಟ್ಟಿಗೆಯನ್ನು ಒಂದು ಮೆಟ್ಟಿಲಿನ ಅಳತೆಗೆ ಕೂಡಿಸಿ, ಅದರ ಪ್ರತಿಗಳನ್ನು ಒಂದೊಂದು ಏರಿನಷ್ಟು ಮೇಲಕ್ಕೆ, ಒಂದೊಂದು ತುಳಿಯಷ್ಟು ಮುಂದಕ್ಕೆ ಸರಿಸಿ, ಎಲ್ಲವನ್ನೂ ಒಂದು ಗುಂಪಾಗಿ ಬಂಧಿಸತಕ್ಕದ್ದು. ಕೆಲಸ ನಿಧಾನದ್ದು, ಆದರೆ ಹೀಗೆ ಬರೆದ ಮೆಟ್ಟಿಲನ್ನು ಮೇಸ್ತ್ರಿಯು ಹಾಗೆಯೇ ಕಟ್ಟಬಲ್ಲನು.

ನಕ್ಷೆಯ ಮೂಲೆಯಲ್ಲಿರುವ ದಿಕ್ಸೂಚಿಯನ್ನು ಅಲಂಕಾರವೆಂದು ಬಗೆದು ಕಡೆಗಣಿಸುವವರೇ ಹೆಚ್ಚು. ಅದನ್ನು ತೆರೆದು ಊರಿನ ಅಕ್ಷಾಂಶ, ರೇಖಾಂಶ, ಕಾಲವಲಯ, ಉತ್ತರದ ದಿಕ್ಕುಗಳನ್ನು ಸರಿಪಡಿಸಿದರೆ, ಉತ್ತಮ ದರ್ಜೆಯ ಚಿತ್ರವನ್ನು ತೆಗೆಯುವಾಗ ಬಯಸಿದ ದಿನದ, ಬಯಸಿದ ಗಳಿಗೆಯ ಸೂರ್ಯನ ಬೆಳಕೇ ಮನೆಯೊಳಗೆ ಬೀಳುತ್ತದೆ. ಬೆಂಗಳೂರು ಉತ್ತರ ಅಕ್ಷಾಂಶ 13 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗೆ ಉತ್ತರದಲ್ಲಿರುತ್ತಾನೆ; ಉತ್ತರದ ಕಿಟಕಿಗೆ ಬಿಸಿಲೇ ಬಾರದೆಂಬ ಮಾತು ಉತ್ತರ ಭಾರತಕ್ಕೆ ಬಹುಮಟ್ಟಿಗೆ ಸಲ್ಲಬಹುದು, ನಮಗೆ ಸಲ್ಲದು. ಡಿಸೆಂಬರ್ 21ರಂದು ನೆತ್ತಿಹೊತ್ತಿನ ಸೂರ್ಯ ದಕ್ಷಿಣದಲ್ಲಿ ಸುಮಾರು 53.5 ಡಿಗ್ರಿಗಳಷ್ಟೇ ಏರುತ್ತಾನೆ. ಆಗ ದಕ್ಷಿಣದ ಕಿಟಕಿಯ ಮೇಲಿನ ಎರಡು ಅಡಿಯ ಸಜ್ಜದ ನೆರಳು ಎರಡು ಅಡಿ ಎಂಟು ಅಂಗುಲದಷ್ಟು ಇಳಿದು, ನಾಲ್ಕು ಅಡಿಯ ಕಿಟಕಿಯ ಕೆಳಭಾಗದಿಂದ ಚಳಿಗಾಲದ ಎಳೆಬಿಸಿಲು ಒಳಬರುತ್ತದೆ. ಸಜ್ಜವನ್ನು ತೆಳುವಾದ ಪೆಟ್ಟಿಗೆಯಾಗಿ ಲಿಂಟಲಿನ ಎತ್ತರದಲ್ಲಿ ಇಟ್ಟು ಇದನ್ನೆಲ್ಲ ಕಣ್ಣಾರೆ ನೋಡಬಹುದು. ಗಡಿಯಾರದ ಹನ್ನೆರಡು ಗಂಟೆ ಸೂರ್ಯನ ಹನ್ನೆರಡು ಗಂಟೆಯಲ್ಲ. ಬೆಂಗಳೂರಿನಲ್ಲಿ ನೆತ್ತಿಹೊತ್ತು 12 ಗಂಟೆ 20 ನಿಮಿಷದ ಸುಮಾರಿಗೆ ಬರುತ್ತದೆಂಬುದನ್ನು ನೆನಪಿನಲ್ಲಿಟ್ಟುಕೊಂಡು ಸಮಯವನ್ನು ನಮೂದಿಸಬೇಕು.

ಕಡೆಯದಾಗಿ ಮುದ್ರಣ. 1ಕ್ಕೆ 50ರ ಪ್ರಮಾಣದಲ್ಲಿ ಮೂವತ್ತು ನಲವತ್ತರ ಸೈಟು 183ಕ್ಕೆ 244 ಮಿಲಿಮೀಟರ್ ಆಗಿ ಎ4 ಹಾಳೆಯೊಳಗೆ ಕೂರುತ್ತದೆ. ಆದರೆ ಅಳತೆಗೆರೆಗಳನ್ನು ಹೊರಗೆ ಬರೆಯಲು ಎಡೆ ಸಾಲದು, ಅದಕ್ಕೆ ಎ3 ಹಾಳೆಯೇ ಬೇಕು. ಪುಟದ ವಿನ್ಯಾಸದಲ್ಲಿ ಪ್ರಮಾಣವನ್ನು ನಿಗದಿಪಡಿಸಿದ ಬಳಿಕ, ಹಾಳೆಗೆ ತಕ್ಕಂತೆ ಕುಗ್ಗಿಸುವ ಮುದ್ರಕದ ಆಯ್ಕೆಯನ್ನು ತೆಗೆದುಹಾಕಬೇಕು; ಜೆರಾಕ್ಸ್ ಅಂಗಡಿಗಳಲ್ಲಿ ಅದು ಬಹುತೇಕ ಸದಾ ಚಾಲನೆಯಲ್ಲಿರುತ್ತದೆ. ನಕ್ಷೆಯ ಅಂಚಿನಲ್ಲಿ ಹತ್ತು ಅಡಿಯ ಒಂದು ಗೆರೆಯನ್ನು ಎಳೆದಿಡಿ. ಮುದ್ರಿತ ಹಾಳೆಯಲ್ಲಿ ಅದು 61 ಮಿಲಿಮೀಟರ್ ಇರತಕ್ಕದ್ದು. ಅಡಿಪಟ್ಟಿ ಇಟ್ಟು ನೋಡಿದಾಗ ಅದು ಕೂಡಿಬಾರದಿದ್ದರೆ ಆ ಹಾಳೆಯನ್ನು ಮೇಸ್ತ್ರಿಯ ಕೈಗೆ ಕೊಡಬೇಡಿ, ಇನ್ನೊಮ್ಮೆ ಮುದ್ರಿಸಿ.