ಕೆಡದ ಫೋನಿಗೆ ಬಾಗಿಲು ಹಾಕುವ ಮುನ್ನ

ಮಂಗಳೂರಿನ ಹಂಪನಕಟ್ಟೆಯ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಬ್ಯಾಟರಿ, ಡಿಸ್‌ಪ್ಲೇ, ಚಾರ್ಜಿಂಗ್ ಪಿನ್ ಎಲ್ಲಕ್ಕೂ ದಾರಿಯಿದೆ. ‘ಈ ಸೆಟ್‌ಗೆ ಇನ್ನು ವಾಟ್ಸ್‌ಆ್ಯಪ್ ಬರುವುದಿಲ್ಲ’ ಎಂಬಲ್ಲಿ ಮಾತ್ರ ರಿಪೇರಿಯವರ ಕೈಯೂ ನಿಲ್ಲುತ್ತದೆ. 2023ರ ಅಕ್ಟೋಬರ್ 24ರಂದು ಆ್ಯಂಡ್ರಾಯ್ಡ್ 5.0ಕ್ಕಿಂತ ಹಳೆಯ ಫೋನುಗಳನ್ನು ವಾಟ್ಸ್‌ಆ್ಯಪ್ ಕೈಬಿಟ್ಟಿತು. ಕನ್ನಡದ ಮಟ್ಟಿಗೆ ಇದರಲ್ಲಿ ಇನ್ನೊಂದು ನೋವಿದೆ: ಆ್ಯಂಡ್ರಾಯ್ಡ್‌ಗೆ ಕನ್ನಡ ಅಕ್ಷರ ಬಂದದ್ದೇ 2012ರ 4.1ರಲ್ಲಿ. ನಮ್ಮ ನುಡಿಯನ್ನು ಮೊದಲು ತೋರಿಸಿದ ಸೆಟ್‌ಗಳೇ ಹೊರಬಿದ್ದವು.

ಈ ಊರಿನಲ್ಲಿ ಗಲ್ಫ್‌ನಲ್ಲಿರುವ ಮಗ ಹೊಸ ಫೋನ್ ಕೊಂಡರೆ ಹಳೆಯದು ಅಮ್ಮನ ಕೈ ಸೇರುತ್ತದೆ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆಗೆ ಬಹುಕಾಲದಿಂದ ನಿರ್ಬಂಧವಿರುವುದರಿಂದ ವಾಯ್ಸ್ ಮೆಸೇಜೇ ಅವರ ನಡುವಿನ ಕೊಂಡಿ. ತುಳುವಿನಲ್ಲೋ ಬ್ಯಾರಿಯಲ್ಲೋ ನಾಲ್ಕು ಮಾತು ಹೇಳಿ ಕಳಿಸುವ ತಾಯಿಗೆ ಸ್ಟೇಟಸ್ಸೂ ಬೇಡ, ಚಾನೆಲ್ಲೂ ಬೇಡ. ಬೆಂಬಲ ನಿಲ್ಲಿಸುವ ಮುನ್ನ ಕಂಪನಿ ಸೂಚನೆ ಕೊಡುತ್ತದೆ, ನಿಜ. ಆದರೆ ಅದು ಬರುವುದು ಓದಿ ತಿಳಿಯಬೇಕಾದ ಬರಹವಾಗಿ. ಓದಲು ಬಾರದವರಿಗೆ ಅದರಿಂದ ಏನು ತಿಳಿದೀತು?

ಹಳೆಯ ಯಂತ್ರದಲ್ಲಿ ಹೊಸ ಆ್ಯಪ್ ಓಡುವುದಿಲ್ಲ ಎಂಬ ವಾದ ನನಗೆ ಒಪ್ಪಿಗೆಯಾಗದು. 2017ರಲ್ಲಿ 1,500 ರೂಪಾಯಿ ಠೇವಣಿಗೆ ಬಂದ ಜಿಯೋಫೋನ್‌ನ ರ್‍ಯಾಮ್ 512 ಎಂಬಿ. ಮರುವರ್ಷ ಅದರಲ್ಲೂ ವಾಟ್ಸ್‌ಆ್ಯಪ್ ಓಡಿತು. ಮನಸ್ಸು ಮಾಡಿದಾಗ ವಾಟ್ಸ್‌ಆ್ಯಪ್ ಕಂಪನಿಯೇ ಸಣ್ಣ ಆ್ಯಪ್ ಬರೆಯಿತು. 2024ರ ಜೂನ್‌ನಲ್ಲಿ ಆ ಬಗೆಯ ಫೋನುಗಳಿಗೂ ಹೊಸದಾಗಿ ಇನ್‌ಸ್ಟಾಲ್ ಮಾಡುವುದನ್ನು ನಿಲ್ಲಿಸಿತು.

ಆ ಸಣ್ಣ ಆ್ಯಪ್‌ಗಿಂತ ಮೇಲಾದ ಕೆಲಸ ಒಂದಿದೆ. ವೆಬ್‌ಸೈಟುಗಳಿಗೆ ಉಚಿತ ಭದ್ರತಾ ಪ್ರಮಾಣಪತ್ರ ಕೊಡುವ ‘ಲೆಟ್ಸ್ ಎನ್‌ಕ್ರಿಪ್ಟ್’ ಸಂಸ್ಥೆಗೆ 2020ರಲ್ಲಿ ಸಂಕಟ ಎದುರಾಯಿತು. ಅದರ ಹೊಸ ಮೂಲ ಪ್ರಮಾಣಪತ್ರವನ್ನು 7.1.1ಕ್ಕಿಂತ ಹಿಂದಿನ ಆ್ಯಂಡ್ರಾಯ್ಡ್‌ಗಳು ಗುರುತಿಸುತ್ತಿರಲಿಲ್ಲ. ಆಗ ಬಳಕೆಯಲ್ಲಿದ್ದ ಆ್ಯಂಡ್ರಾಯ್ಡ್ ಫೋನುಗಳಲ್ಲಿ ಅಂಥವು ಸುಮಾರು ಮೂರನೇ ಒಂದು ಭಾಗ. ಆ ಫೋನುಗಳು ನಂಬಿದ್ದ ಹಳೆಯ ಮೂಲಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಲಿತ್ತು. ಆದರೆ ಆ್ಯಂಡ್ರಾಯ್ಡ್ ತಾನು ನಂಬಿದ ಮೂಲಪತ್ರಗಳ ಅವಧಿಯನ್ನು ನೋಡುವುದೇ ಇಲ್ಲ. ಇದನ್ನು ಗಮನಿಸಿದ ಸಂಸ್ಥೆ, ಹಳೆಯ ಪತ್ರದ ಒಡೆಯರಾದ ಐಡೆನ್‌ಟ್ರಸ್ಟ್‌ನಿಂದ ಹೊಸ ಪತ್ರಕ್ಕೆ ಸಹಿ ಮಾಡಿಸಿಕೊಂಡು 2024ರವರೆಗೆ ಕಾಲ ಪಡೆಯಿತು. ಯಾರ ಫೋನೂ ಬದಲಾಗಬೇಕಾಗಲಿಲ್ಲ. ಸೊಗಸಾದ ಎಂಜಿನಿಯರಿಂಗ್ ಎಂದರೆ ನನ್ನ ಪಾಲಿಗೆ ಇದು. ಸಂಸ್ಥೆ ಶಾಶ್ವತ ಬೆಂಬಲದ ಮಾತು ಕೊಡಲಿಲ್ಲ. ಫೋನು ತಾನಾಗಿ ಸವೆಯುವಷ್ಟು ಸಮಯ ಕೊಟ್ಟಿತು.

ವಾಟ್ಸ್‌ಆ್ಯಪ್‌ನಿಂದಲೂ ನಾನು ಬಯಸುವುದು ಇಷ್ಟೇ: ಹೊಸ ಸೌಲಭ್ಯಗಳನ್ನು ನಿಲ್ಲಿಸಲಿ, ಬರಹ ಮತ್ತು ವಾಯ್ಸ್ ಮೆಸೇಜ್ ಮಾತ್ರ ಇನ್ನೊಂದೆರಡು ವರ್ಷ ನಡೆಯಲಿ, ಕೊನೆಯ ಸೂಚನೆಯನ್ನು ಬಳಕೆದಾರರ ನುಡಿಯಲ್ಲಿ ಧ್ವನಿಯಾಗಿಯೂ ಕೇಳಿಸಲಿ. ಬ್ಯಾಂಕ್ ಆ್ಯಪ್‌ಗಳಿಗೆ ಈ ರಿಯಾಯಿತಿ ಕೇಳಲಾರೆ. ಭದ್ರತಾ ಅಪ್‌ಡೇಟ್ ನಿಂತ ಫೋನಿನಲ್ಲಿ ಹಣದ ವ್ಯವಹಾರ ಬೇಡವೆಂದು ಅವು ತಡೆದರೆ ಅದು ಸರಿಯೇ.