ಯಕೃತ್ತಿನ ಕ್ಯಾನ್ಸರಿನ ನೂತನ ಚಿಕಿತ್ಸೆಗಳು: ಫಲನಿರ್ಣಯದ ವಿಮರ್ಶೆ

೧

ವೈದ್ಯಕೀಯ ಸಂಶೋಧನೆಯ ಪ್ರಬಂಧಗಳನ್ನು ವಿಮರ್ಶಿಸುವ ಅಧಿಕಾರ ವೈದ್ಯರಿಗೆ ಮಾತ್ರ ಉಂಟೆಂಬ ಭಾವನೆ ವಿದ್ಯಾವಂತರಲ್ಲಿ ರೂಢವಾಗಿದೆ. ರೋಗನಿರ್ಣಯ, ಔಷಧಯೋಜನೆ ಮೊದಲಾದ ವಿಷಯಗಳಲ್ಲಿ ಈ ಭಾವನೆ ಯುಕ್ತವಾದುದೇ. ಆದರೆ ‘ಈ ಔಷಧದಿಂದ ಫಲ ದೊರೆಯಿತು’ ಎಂಬ ವಾಕ್ಯದಲ್ಲಿ ಫಲವೆಂದರೆ ಏನು, ಅದು ಯಾರಿಗೆ ದೊರೆಯಿತು, ಎಷ್ಟು ಕಾಲ ನಿಂತಿತು ಎಂಬ ಪ್ರಶ್ನೆಗಳು ಪ್ರಮಾಣವಿಚಾರಕ್ಕೆ ಸೇರಿದವು. ಅವನ್ನು ಕೇಳುವ ಹೊಣೆ ವಿಚಾರಶೀಲರಾದ ಎಲ್ಲ ವಾಚಕರಿಗೂ ಉಂಟು. ಯಕೃತ್ತಿನ ಕ್ಯಾನ್ಸರಿನ ಚಿಕಿತ್ಸೆಯನ್ನು ಕುರಿತು ೨೦೦೮ರಿಂದ ಈಚೆಗೆ ಪ್ರಕಟವಾಗಿರುವ ಕೆಲವು ಮುಖ್ಯ ಪ್ರಯೋಗಗಳನ್ನು ಈ ಮೂರು ಪ್ರಶ್ನೆಗಳ ಮುಂದಿಟ್ಟು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನ ಮೇರೆಗೆ ೨೦೨೨ರಲ್ಲಿ ಪ್ರಪಂಚದ ಸುಮಾರು ೮ ಲಕ್ಷ ೬೬ ಸಾವಿರ ಜನರಲ್ಲಿ ಈ ರೋಗ ಹೊಸದಾಗಿ ಕಂಡುಬಂದಿತು. ಅದೇ ವರ್ಷ ಸುಮಾರು ೭ ಲಕ್ಷ ೫೮ ಸಾವಿರ ಜನ ಇದರಿಂದ ಮೃತರಾದರು. ಎರಡು ಸಂಖ್ಯೆಗಳೂ ಇಷ್ಟು ಸಮೀಪವಾಗಿರುವುದೇ ರೋಗದ ಉಗ್ರತೆಗೆ ಸಾಕ್ಷಿ. ಈ ರೋಗಿಗಳಲ್ಲಿ ಬಹುಮಂದಿಗೆ ಒಂದೇ ಅಂಗದಲ್ಲಿ ಎರಡು ವ್ಯಾಧಿಗಳಿರುತ್ತವೆ: ಒಂದು, ಯಕೃತ್ತು ಗಟ್ಟಿಯಾಗಿ ಕೆಲಸಗುಂದುವ ಸಿರೋಸಿಸ್, ಮತ್ತೊಂದು, ಅದರೊಳಗೆ ಹುಟ್ಟಿದ ಗಡ್ಡೆ. ಗಡ್ಡೆಯನ್ನು ಕೊಲ್ಲಲೆಂದು ಕೊಡುವ ಔಷಧವನ್ನು ಶರೀರವು ಸಹಿಸಿ ಅರಗಿಸಬೇಕಾದುದು ಅದೇ ಜೀರ್ಣವಾದ ಯಕೃತ್ತಿನಿಂದ. ರೋಗವು ಮೊದಲಲ್ಲೇ ಪತ್ತೆಯಾದವರಿಗೆ ಶಸ್ತ್ರಚಿಕಿತ್ಸೆಯಿಂದಲೂ ಯಕೃತ್ತಿನ ಕಸಿಯಿಂದಲೂ ನಿಜವಾದ ಪ್ರಯೋಜನವಿದೆ. ಮಿಲಾನಿನ ಮಜಾಫೆರ್ರೊ ಮತ್ತು ಸಹೋದ್ಯೋಗಿಗಳು ಸಣ್ಣ ಗಡ್ಡೆಗಳಿದ್ದ ೪೮ ಜನರಿಗೆ ಕಸಿಮಾಡಿ, ನಾಲ್ಕು ವರ್ಷಗಳ ತರುವಾಯ ಬದುಕಿರುವವರ ಪ್ರಮಾಣ ಶೇಕಡ ೭೫ ಎಂದು ೧೯೯೬ರಲ್ಲಿ ತೋರಿಸಿದರು. ಆದರೆ ಅನೇಕರು ವೈದ್ಯರ ಬಳಿಗೆ ಬರುವ ವೇಳೆಗೆ ಆ ಘಟ್ಟ ಕಳೆದುಹೋಗಿರುತ್ತದೆ. ನಾವು ಇಲ್ಲಿ ವಿಚಾರಿಸುವುದು ಇಂಥವರಿಗಾಗಿ ನಡೆದ ಔಷಧ ಸಂಶೋಧನೆಯನ್ನು.

ವಿಚಾರಕ್ಕೆ ಮುನ್ನ ನಾಲ್ಕು ಪದಗಳನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯಕ. ಗಡ್ಡೆಯ ಗಾತ್ರ ಕಡಿಮೆಯಾಗುವುದು ‘ಕುಗ್ಗುವಿಕೆ’. ಕೆಲಕಾಲ ಅದು ಬೆಳೆಯದೆ ನಿಲ್ಲುವುದು ‘ತಡೆ’. ರೋಗಿಯು ಬದುಕಿದ ಕಾಲ ‘ಆಯುಷ್ಯ’. ರೋಗವು ಮರಳಿ ಬಾರದಂತೆ ಹೋಗುವುದು ‘ಗುಣ’. ಕನ್ನಡದಲ್ಲಿ ಈ ನಾಲ್ಕನ್ನೂ ‘ಗುಣವಾಯಿತು’ ಎಂಬ ಒಂದೇ ಮಾತಿನಿಂದ ಹೇಳಿಬಿಡುವ ಅಭ್ಯಾಸವಿದೆ. ಮುಂದಿನ ನಿದರ್ಶನಗಳಿಂದ ಈ ಅಭ್ಯಾಸದ ಅಪಾಯ ಸ್ಪಷ್ಟವಾಗುವುದೆಂದು ನಂಬಿದ್ದೇವೆ.

೨

ಬಾರ್ಸಿಲೋನದ ಲ್ಯೊವೆಟ್ ಮತ್ತು ಸಹೋದ್ಯೋಗಿಗಳ ‘ಶಾರ್ಪ್’ ಪ್ರಯೋಗ ೨೦೦೮ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಗಡ್ಡೆಯ ಬೆಳವಣಿಗೆಯನ್ನೂ ಅದಕ್ಕೆ ಹೊಸ ರಕ್ತನಾಳಗಳು ಹುಟ್ಟುವುದನ್ನೂ ತಡೆಯುವ ಸೊರಾಫೆನಿಬ್ ಎಂಬ ಗುಳಿಗೆಯನ್ನು ೨೯೯ ಜನರಿಗೂ, ನೋಡಲು ಅದರಂತೆಯೇ ಇದ್ದ ಔಷಧರಹಿತ ಗುಳಿಗೆಯನ್ನು ೩೦೩ ಜನರಿಗೂ ಕೊಡಲಾಯಿತು. ಆಯುಷ್ಯದ ಮಧ್ಯಾಂಕ ಮೊದಲನೆಯ ಗುಂಪಿನಲ್ಲಿ ೧೦.೭ ತಿಂಗಳು, ಎರಡನೆಯದರಲ್ಲಿ ೭.೯ ತಿಂಗಳು. ಮಧ್ಯಾಂಕವೆಂದರೆ ಗುಂಪಿನಲ್ಲಿ ಅರ್ಧ ಜನ ಅದಕ್ಕಿಂತ ಕಡಿಮೆ, ಅರ್ಧ ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದರೆಂದು ತಾತ್ಪರ್ಯ. ಗಡ್ಡೆ ಗಮನಾರ್ಹವಾಗಿ ಕುಗ್ಗಿದುದು ಶೇಕಡ ೨ರಷ್ಟು ಜನರಲ್ಲಿ ಮಾತ್ರ. ಪೂರ್ಣವಾಗಿ ಮಾಯವಾದುದು ಒಬ್ಬರಲ್ಲಿಯೂ ಇಲ್ಲ. ರೋಗಲಕ್ಷಣಗಳು ಉಲ್ಬಣಿಸುವ ಕಾಲದಲ್ಲಿ ಎರಡು ಗುಂಪುಗಳಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅತಿಸಾರ, ಅಂಗೈ ಅಂಗಾಲುಗಳ ಚರ್ಮವೇದನೆ ಮುಂತಾದ ಉಪದ್ರವಗಳು ಔಷಧ ಪಡೆದವರಲ್ಲಿ ಹೆಚ್ಚಾಗಿದ್ದವು. ಈ ಪ್ರತಿಕೂಲ ಸಂಗತಿಗಳನ್ನೆಲ್ಲ ಲೇಖಕರು ಮುಚ್ಚದೆ ಮುದ್ರಿಸಿದ್ದಾರೆಂಬುದು ಶ್ಲಾಘನೀಯ. ಇಲ್ಲಿ ಆಯುಷ್ಯ ಹೆಚ್ಚಿತು, ಕುಗ್ಗುವಿಕೆ ಇಲ್ಲವೆನ್ನುವಷ್ಟು ಅಲ್ಪ, ಗುಣವಂತೂ ಇಲ್ಲ.

ಇದಕ್ಕೆ ವಿಪರೀತವಾದ ನಿದರ್ಶನ ನಿವೊಲುಮ್ಯಾಬ್ ಎಂಬ ಔಷಧದ್ದು. ಶರೀರದ ರೋಗನಿರೋಧಕ ಕಣಗಳಿಗೆ ಕ್ಯಾನ್ಸರ್ ಒಡ್ಡುವ ಅಡ್ಡಿಯನ್ನು ತೆಗೆಯುವುದು ಇದರ ಕಾರ್ಯ. ಹಿಂದೆ ಸೊರಾಫೆನಿಬ್ ಸೇವಿಸಿದ್ದ ೧೫೪ ಜನರಲ್ಲಿ ೨೨ ಜನರ ಗಡ್ಡೆಗಳು ಕುಗ್ಗಿದ್ದನ್ನು ಆಧರಿಸಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ೨೦೧೭ರಲ್ಲಿ ಇದಕ್ಕೆ ತ್ವರಿತ ಅನುಮತಿ ಕೊಟ್ಟಿತು. ಬಳಿಕ ೭೪೩ ಜನರಲ್ಲಿ ಇದನ್ನು ಸೊರಾಫೆನಿಬ್‌ನೊಡನೆ ಹೋಲಿಸಿ ನೋಡಿದಾಗ ಆಯುಷ್ಯದ ಮಧ್ಯಾಂಕಗಳು ೧೬.೪ ಮತ್ತು ೧೪.೭ ತಿಂಗಳುಗಳಾಗಿದ್ದವು, ಈ ಅಂತರ ಆಕಸ್ಮಿಕವಲ್ಲವೆಂದು ಸಂಖ್ಯಾಶಾಸ್ತ್ರದ ರೀತಿಯಲ್ಲಿ ಸಿದ್ಧಪಡಿಸಲಾಗಲಿಲ್ಲ. ಕೊನೆಗೆ ೨೦೨೧ರಲ್ಲಿ ಕಂಪನಿಯೇ ಆ ಉಪಯೋಗವನ್ನು ಹಿಂತೆಗೆದುಕೊಂಡಿತು. ಔಷಧವು ನಿಷ್ಪ್ರಯೋಜಕವೆಂದು ಇದರಿಂದ ಹೇಳಲಾಗದು. ಇಪಿಲಿಮುಮ್ಯಾಬ್ ಎಂಬ ಇನ್ನೊಂದು ಔಷಧದೊಡನೆ ಅದನ್ನು ಮೊದಲ ಚಿಕಿತ್ಸೆಯಾಗಿ ಕೊಡಲು ೨೦೨೫ರಲ್ಲಿ ಅದೇ ದೇಶದಲ್ಲಿ ಅನುಮತಿ ದೊರೆಯಿತು. ಕುಗ್ಗುವಿಕೆಯಿಂದ ಆಯುಷ್ಯವನ್ನು ಊಹಿಸಿದ್ದು ಅಕಾಲಿಕವಾಯಿತೆಂಬುದಷ್ಟೇ ನಮ್ಮ ಆಕ್ಷೇಪ.

ಹಾಗಾದರೆ ಇಂಥ ಮುನ್ಸೂಚನೆಗಳು ಎಲ್ಲಿಯೂ ನಂಬಲರ್ಹವಲ್ಲವೆ? ಹಾಗೇನಿಲ್ಲ. ಒಂದು ಬಗೆಯ ದೀರ್ಘಕಾಲೀನ ರಕ್ತಕ್ಯಾನ್ಸರಿಗೆ ೨೦೦೧ರಲ್ಲಿ ಅನುಮತಿ ಪಡೆದ ಇಮ್ಯಾಟಿನಿಬ್ ಎಂಬ ಗುಳಿಗೆಯ ವಿಷಯದಲ್ಲಿ, ರಕ್ತದಲ್ಲಿಯೂ ಮಜ್ಜೆಯಲ್ಲಿಯೂ ಮೊದಲು ಕಂಡ ಸುಧಾರಣೆ ದೀರ್ಘಾಯುಷ್ಯವಾಗಿ ಪರಿಣಮಿಸಿತು; ಅದನ್ನು ಮೊದಲಿನಿಂದ ಪಡೆದವರಲ್ಲಿ ಹತ್ತು ವರ್ಷಗಳ ಮೇಲೆ ಬದುಕಿದ್ದವರ ಪ್ರಮಾಣ ಸುಮಾರು ಶೇಕಡ ೮೩. ಆ ರೋಗದ ಮೂಲದಲ್ಲಿ ಒಂದೇ ಒಂದು ಮುಖ್ಯ ವಿಕಾರವಿದೆ, ಔಷಧವು ನೇರವಾಗಿ ಅದನ್ನೇ ತಡೆಯುತ್ತದೆ. ಯಕೃತ್ತಿನ ಕ್ಯಾನ್ಸರಿನಲ್ಲಿ ವಿಕಾರಗಳು ಅನೇಕ. ರೋಗಿಯನ್ನು ಗಡ್ಡೆಯೂ ಕೊಲ್ಲಬಹುದು, ಸಿರೋಸಿಸ್ ಕೂಡ ಕೊಲ್ಲಬಹುದು. ಆದಕಾರಣ ಒಂದು ರೋಗದಲ್ಲಿ ಸಿದ್ಧವಾದ ಮುನ್ಸೂಚನೆಯ ಪ್ರಾಮಾಣ್ಯವನ್ನು ಮತ್ತೊಂದಕ್ಕೆ ಪರೀಕ್ಷೆಯಿಲ್ಲದೆ ಒಯ್ಯಲಾಗದು.

೩

‘ಯಾರಿಗೆ’ ಎಂಬ ಎರಡನೆಯ ಪ್ರಶ್ನೆಗೆ ಬರೋಣ. ಏಷ್ಯಾ ಮತ್ತು ಪೆಸಿಫಿಕ್ ಪ್ರದೇಶದ ೨೨೬ ಜನರಲ್ಲಿ ನಡೆದು ೨೦೦೯ರಲ್ಲಿ ಪ್ರಕಟವಾದ ಸೊರಾಫೆನಿಬ್ ಪ್ರಯೋಗದಲ್ಲಿ ಆಯುಷ್ಯದ ಮಧ್ಯಾಂಕಗಳು ೬.೫ ಮತ್ತು ೪.೨ ತಿಂಗಳು. ಔಷಧದ ಸಾಪೇಕ್ಷ ಪರಿಣಾಮ ಶಾರ್ಪ್ ಪ್ರಯೋಗದಲ್ಲಿದ್ದಷ್ಟೇ ಇತ್ತು. ಆದರೆ ಈ ರೋಗಿಗಳ ರೋಗ ಹೆಚ್ಚು ಮುಂದುವರಿದಿದ್ದುದರಿಂದ, ಔಷಧ ಸೇವಿಸಿದವರ ಆಯುಷ್ಯವೂ ಶಾರ್ಪ್ ಪ್ರಯೋಗದಲ್ಲಿ ಔಷಧ ಸೇವಿಸದೆ ಇದ್ದವರ ಆಯುಷ್ಯಕ್ಕಿಂತ ಕಡಿಮೆಯಾಗಿತ್ತು. ತಿಂಗಳ ಲೆಕ್ಕವು ಔಷಧದ ಗುಣವನ್ನಷ್ಟೇ ಸೂಚಿಸುವುದಿಲ್ಲ, ರೋಗಿಯ ಸ್ಥಿತಿಯನ್ನೂ ಸೂಚಿಸುತ್ತದೆಂಬುದನ್ನು ವಾಚಕರು ಗಮನಿಸಬೇಕು.

ಈ ವಿಚಾರ ಮುಂದಿನ ಪ್ರಯೋಗವನ್ನು ಓದುವಾಗ ಉಪಯುಕ್ತವಾಗುತ್ತದೆ. ಅಟೆಜೊಲಿಜುಮ್ಯಾಬ್ ಮತ್ತು ಬೆವಾಸಿಜುಮ್ಯಾಬ್ ಎಂಬ ಔಷಧದ್ವಯವನ್ನು ಸೊರಾಫೆನಿಬ್‌ನೊಡನೆ ಹೋಲಿಸಿದ ‘ಐಎಮ್‌ಬ್ರೇವ್ ೧೫೦’ ಪ್ರಯೋಗ ೨೦೨೦ರಲ್ಲಿ ಪ್ರಕಟವಾಯಿತು. ೫೦೧ ಜನರಲ್ಲಿ ನಡೆದ ಈ ಪ್ರಯೋಗದ ೨೦೨೨ರ ವರದಿಯಲ್ಲಿ ಆಯುಷ್ಯದ ಮಧ್ಯಾಂಕಗಳು ೧೯.೨ ಮತ್ತು ೧೩.೪ ತಿಂಗಳು. ಇದು ನಿಜವಾದ ಮುನ್ನಡೆಯೆಂಬುದರಲ್ಲಿ ಸಂದೇಹವಿಲ್ಲ. ಇಲ್ಲಿ ಒಂದು ಪೂರ್ವಪಕ್ಷ ಏಳಬಹುದು: ೨೦೦೮ರಲ್ಲಿ ಔಷಧವಿಲ್ಲದವರು ೭.೯ ತಿಂಗಳು ಬದುಕುತ್ತಿದ್ದರು, ಈಗ ೧೯.೨ ತಿಂಗಳು, ಆದ್ದರಿಂದ ಲಾಭ ಹನ್ನೊಂದು ತಿಂಗಳಿಗೂ ಮೀರಿದ್ದಲ್ಲವೆ? ಈ ಲೆಕ್ಕ ಸಾಧುವಲ್ಲ. ಸೊರಾಫೆನಿಬ್ ಸೇವಿಸಿದವರೇ ೨೦೦೮ರಲ್ಲಿ ೧೦.೭ ತಿಂಗಳು, ಈ ಪ್ರಯೋಗದಲ್ಲಿ ೧೩.೪ ತಿಂಗಳು ಬದುಕಿದ್ದಾರೆ. ಔಷಧ ಬದಲಾಗಿಲ್ಲ, ರೋಗಿಗಳ ಆಯ್ಕೆ, ಆರೈಕೆ, ತರುವಾಯ ದೊರೆಯುವ ಇತರ ಔಷಧಗಳು ಬದಲಾಗಿವೆ. ಒಂದೇ ಪ್ರಯೋಗದೊಳಗಿನ ಎರಡು ಗುಂಪುಗಳಿಗೆ ಮಾತ್ರ ಹೋಲಿಕೆ ಸಲ್ಲುತ್ತದೆ.

ಮೇಲಾಗಿ, ಶಾರ್ಪ್ ಪ್ರಯೋಗಕ್ಕೂ ಇದಕ್ಕೂ ಸೇರಿಸಿಕೊಂಡವರು ಬಹುತೇಕ ಯಕೃತ್ತಿನ ಕಾರ್ಯ ಇನ್ನೂ ಚೆನ್ನಾಗಿದ್ದವರನ್ನೇ. ಎರಡನೆಯದರಲ್ಲಿ ರಕ್ತಸ್ರಾವದ ಭಯವಿದ್ದುದರಿಂದ ಅನ್ನನಾಳದ ಉಬ್ಬಿದ ರಕ್ತನಾಳಗಳನ್ನು ಮೊದಲೇ ಪರೀಕ್ಷಿಸಿ ಚಿಕಿತ್ಸೆ ಮಾಡಬೇಕೆಂಬ ನಿಯಮವೂ ಇತ್ತು. ಪ್ರಯೋಗದ ದೃಷ್ಟಿಯಿಂದ ಇದು ಸರಿಯೇ. ಆದರೆ ಹೊಟ್ಟೆಯಲ್ಲಿ ನೀರು ತುಂಬಿ, ಕಾಮಾಲೆಯಿಂದ ಬಳಲಿ ಆಸ್ಪತ್ರೆಗೆ ಬಂದ ರೋಗಿಗೆ ೧೯.೨ ಎಂಬ ಸಂಖ್ಯೆಯನ್ನು ಹೇಳುವವರು ಆ ಪ್ರಬಂಧದಲ್ಲಿ ಇಲ್ಲದ ಮಾತನ್ನು ಹೇಳಿದಂತಾಗುತ್ತದೆ.

‘ಯಾರಿಗೆ’ ಎಂಬ ಪ್ರಶ್ನೆಗೆ ಹಣದ ಮುಖವೂ ಒಂದುಂಟು. ಬೇಯರ್ ಕಂಪನಿಯ ಸೊರಾಫೆನಿಬ್‌ಗೆ ಭಾರತದಲ್ಲಿ ತಿಂಗಳಿಗೆ ಸುಮಾರು ೨,೮೦,೦೦೦ ರೂಪಾಯಿ ಬೆಲೆಯಿತ್ತು. ೨೦೧೨ರ ಮಾರ್ಚ್ ತಿಂಗಳಲ್ಲಿ ಭಾರತದ ಪೇಟೆಂಟ್ ನಿಯಂತ್ರಕರು ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಕಡ್ಡಾಯ ಪರವಾನಗಿ ಕೊಟ್ಟು, ತಿಂಗಳ ಔಷಧವನ್ನು ೮,೮೮೦ ರೂಪಾಯಿಗೆ ಮೀರದಂತೆ ಮಾರಬೇಕೆಂದು ವಿಧಿಸಿದರು. ನಮ್ಮ ದೇಶದಲ್ಲಿ ಇಂಥ ಪರವಾನಗಿ ಅದೇ ಮೊದಲನೆಯದು. ಪ್ರಯೋಗಶಾಲೆಯ ಶೋಧವು ಎಷ್ಟು ಜನರಿಗೆ ಚಿಕಿತ್ಸೆಯಾಗುತ್ತದೆಂಬುದು ಇಂಥ ತೀರ್ಪುಗಳನ್ನೂ ಅವಲಂಬಿಸಿದೆ.

೪

ಮೂರನೆಯದು ಕಾಲದ ಪ್ರಶ್ನೆ. ಶಸ್ತ್ರಚಿಕಿತ್ಸೆ ಅಥವಾ ಗಡ್ಡೆಯನ್ನು ಸುಡುವ ಕ್ರಮ ಮುಗಿದವರಲ್ಲಿ ರೋಗ ಮರಳದಂತೆ ಮಾಡಲು ಮೇಲೆ ಹೇಳಿದ ಔಷಧದ್ವಯವನ್ನೇ ೬೬೮ ಜನರ ಒಂದು ಪ್ರಯೋಗದಲ್ಲಿ ಪರೀಕ್ಷಿಸಲಾಯಿತು. ೨೦೨೩ರಲ್ಲಿ ಪ್ರಕಟವಾದ ಮಧ್ಯಂತರ ವರದಿಯಲ್ಲಿ ಮರುಕಳಿಕೆ ಕಡಿಮೆಯಾದಂತೆ ಕಂಡಿತು; ಹೆಚ್ಚು ಕಾಲ ಗಮನಿಸಿ ೨೦೨೪ರಲ್ಲಿ ವರದಿಮಾಡಿದಾಗ ಆ ಪ್ರಯೋಜನ ನಿಂತಿರಲಿಲ್ಲ. ಮೊದಲ ವರದಿಯಲ್ಲಿ ಅಸತ್ಯವಿರಲಿಲ್ಲ, ಅದು ಅಪೂರ್ಣವಾಗಿತ್ತು. ಎರಡನೆಯ ವರದಿಯನ್ನೂ ಹೊರಗೆಡಹಿದ ಸಂಶೋಧಕರ ನಡತೆ ವಿಜ್ಞಾನಕ್ಕೆ ಭೂಷಣ. ಮೊದಲ ವಾರ್ತೆಗೆ ದೊರೆತಷ್ಟು ಪ್ರಚಾರ ಎರಡನೆಯದಕ್ಕೂ ದೊರೆಯುವಂತೆ ನೋಡಿಕೊಳ್ಳಬೇಕಾದವರು ಬೋಧಕರೂ ಬರೆಹಗಾರರೂ.

ಇದೇ ಮೂರು ಪ್ರಶ್ನೆಗಳನ್ನು ರೋಗನಿವಾರಣೆಯ ಸಂಶೋಧನೆಗೂ ಹಾಕಿ ನೋಡಬಹುದು. ಬೀಸ್ಲಿ ಮತ್ತು ಸಹೋದ್ಯೋಗಿಗಳು ತೈವಾನಿನ ೨೨,೭೦೭ ಪುರುಷರನ್ನು ಗಮನಿಸಿ, ಹೆಪಟೈಟಿಸ್ ಬಿ ವೈರಸನ್ನು ದೇಹದಲ್ಲಿ ಹೊತ್ತವರಿಗೆ ಯಕೃತ್ತಿನ ಕ್ಯಾನ್ಸರ್ ಬರುವ ಸಂಭವ ಇತರರಿಗಿಂತ ಇನ್ನೂರು ಪಟ್ಟಿಗೂ ಹೆಚ್ಚೆಂದು ೧೯೮೧ರಲ್ಲಿ ತೋರಿಸಿದರು. ತೈವಾನಿನಲ್ಲಿ ಈ ವೈರಸ್ಸಿನ ವಿರುದ್ಧ ಶಿಶುಗಳಿಗೆ ಲಸಿಕೆ ಹಾಕುವ ಕಾರ್ಯ ೧೯೮೪ರಲ್ಲಿ ಆರಂಭವಾಯಿತು. ೬ರಿಂದ ೧೪ ವರ್ಷದ ಮಕ್ಕಳಲ್ಲಿ ವರ್ಷಕ್ಕೆ ಲಕ್ಷಕ್ಕೆ ೦.೭೦ ಇದ್ದ ಈ ಕ್ಯಾನ್ಸರ್ ೧೯೯೦–೯೪ರ ಅವಧಿಗೆ ೦.೩೬ಕ್ಕೆ ಇಳಿಯಿತು. ಇಲ್ಲಿ ಅಳೆದದ್ದು ರೋಗವನ್ನೇ. ಪ್ರಯೋಜನ ಪಡೆದವರು ಒಂದು ನಾಡಿನ ಮಕ್ಕಳು. ಭಾರತದಲ್ಲಿ ಈ ಲಸಿಕೆಯನ್ನು ೨೦೦೨ರಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ ೨೦೧೧ರಲ್ಲಿ ದೇಶಕ್ಕೆಲ್ಲ ವಿಸ್ತರಿಸಲಾಯಿತು.

ಹಾಗೆಂದು ಚಿಕಿತ್ಸೆಯ ಸಂಶೋಧನೆ ವ್ಯರ್ಥವೆಂದು ನಾವು ಹೇಳುವುದಿಲ್ಲ. ಇಂದು ರೋಗಪೀಡಿತರಾದವರಿಗೆ ಲಸಿಕೆಯಿಂದ ಪ್ರಯೋಜನವಿಲ್ಲ. ಮದ್ಯಪಾನ, ಹೆಪಟೈಟಿಸ್ ಸಿ, ಯಕೃತ್ತಿನಲ್ಲಿ ಕೊಬ್ಬು ಸೇರುವಿಕೆ ಮೊದಲಾದ ಕಾರಣಗಳನ್ನು ಈ ಲಸಿಕೆ ತಡೆಯಲಾರದು. ಅಂಥ ರೋಗಿಗೆ ಮೂರು ತಿಂಗಳೂ ಅಲ್ಪವಲ್ಲ. ಮಗಳ ಮದುವೆ, ಹೊಲದ ವಿಲೇವಾರಿ, ಸಾಲದ ತೀರುವಳಿ ಆ ತಿಂಗಳುಗಳಲ್ಲಿ ನಡೆಯಬಹುದು. ಆ ಕಾಲ ಎಷ್ಟೆಂಬುದು ನಿಜವಾಗಿ ತಿಳಿದಿದ್ದರೆ ಮಾತ್ರ ಮನೆಯವರು ಜಮೀನನ್ನು ಮಾರಿ ಔಷಧ ಕೊಳ್ಳಬೇಕೆ ಬೇಡವೆ ಎಂಬುದನ್ನು ವಿವೇಕದಿಂದ ನಿಶ್ಚಯಿಸಬಲ್ಲರು. ಮೂರು ತಿಂಗಳ ಆಯುಷ್ಯವನ್ನು ‘ಗುಣ’ವೆಂದು ಕರೆದರೆ ಆ ನಿಶ್ಚಯದ ಅಧಿಕಾರವನ್ನೇ ಅವರಿಂದ ಕಸಿದುಕೊಂಡಂತೆ.

ಆದ್ದರಿಂದ ಈ ವಿಷಯವನ್ನು ತರಗತಿಯಲ್ಲಿ ಬೋಧಿಸುವವರೂ ಕನ್ನಡದಲ್ಲಿ ಬರೆಯುವವರೂ ಕುಗ್ಗುವಿಕೆ, ತಡೆ, ಆಯುಷ್ಯ, ಗುಣ ಎಂಬ ನಾಲ್ಕನ್ನು ಬೇರೆ ಬೇರೆಯಾಗಿಯೇ ಬಳಸಬೇಕೆಂದೂ, ಪ್ರತಿಯೊಂದು ಸಂಖ್ಯೆಯ ಜೊತೆಗೆ ಅದು ಎಂಥ ರೋಗಿಗಳದು, ಎಷ್ಟು ಕಾಲದ್ದು ಎಂಬುದನ್ನು ಬರೆಯಬೇಕೆಂದೂ ನಮ್ಮ ಅಭಿಪ್ರಾಯ. ವಿದ್ಯಾರ್ಥಿಗಳು ಪತ್ರಿಕೆಯಲ್ಲಿ ‘ಕ್ಯಾನ್ಸರಿಗೆ ರಾಮಬಾಣ’ ಎಂಬ ಶೀರ್ಷಿಕೆಯನ್ನು ಕಂಡಾಗ ಮೂಲ ಪ್ರಬಂಧವನ್ನು ತೆರೆದು ಈ ಪ್ರಶ್ನೆಗಳನ್ನು ಹಾಕುವ ಅಭ್ಯಾಸ ಮಾಡಿಕೊಂಡರೆ ಈ ಲೇಖನದ ಶ್ರಮ ಸಾರ್ಥಕ.