ಕ್ಯಾಲ್ಕುಲೇಟರ್ ಗುಂಡಿಗಳಿಗೆ ಮನೆಯಲ್ಲೇ ಮಾಡಿದ ಮೇಲುಹಾಳೆ

ಹ್ಯೂಲೆಟ್-ಪ್ಯಾಕರ್ಡ್ ಕಂಪನಿ 1979ರಲ್ಲಿ ಹೊರತಂದ ಎಚ್‌ಪಿ-41ಸಿ ಕ್ಯಾಲ್ಕುಲೇಟರಿನಲ್ಲಿ ಬಹುತೇಕ ಎಲ್ಲ ಗುಂಡಿಗಳಿಗೂ ಬಳಸುವವರೇ ಹೊಸ ಕೆಲಸ ಹಚ್ಚಬಹುದಿತ್ತು. ‘ಎಎಸ್‌ಎನ್’ ಆಜ್ಞೆ ಕೊಟ್ಟು, ತಮ್ಮ ಪ್ರೋಗ್ರಾಮಿನ ಹೆಸರು ಬರೆದು, ಬೇಕಾದ ಗುಂಡಿ ಒತ್ತಿದರೆ ಆಯಿತು. ‘ಯೂಸರ್’ ಸ್ಥಿತಿಗೆ ಹೋದರೆ ಸೈನ್ ಗುಂಡಿ ಜಮೀನಿನ ವಿಸ್ತೀರ್ಣವನ್ನೂ ಲೆಕ್ಕ ಹಾಕೀತು. ಆದರೆ ಗುಂಡಿಯ ಮೇಲೆ ಅಚ್ಚಾಗಿರುವುದು ಮಾತ್ರ ಸೈನ್ ಎಂದೇ. ಈ ತೊಡಕು ನೀಗಲೆಂದು ಕಂಪನಿ, ಗುಂಡಿಗಳಷ್ಟೇ ಹೊರಬರುವಂತೆ ಕಿಂಡಿ ಕೊರೆದ ತೆಳು ಪ್ಲಾಸ್ಟಿಕ್ ಹಾಳೆಯನ್ನೂ ಅಂಟುಚೀಟಿಗಳನ್ನೂ ಒದಗಿಸುತ್ತಿತ್ತು. ಈ ಯಂತ್ರವನ್ನು ಇಂದಿಗೂ ಬಳಸುವ ಅಭಿಮಾನಿಗಳು ಅಂಥ ಹಾಳೆಯನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಪ್ರಿಂಟ್ ತೆಗೆದು, ಕತ್ತರಿಸಿಕೊಳ್ಳುತ್ತಾರೆ.

ಇಷ್ಟು ಶ್ರಮ ಬೇಕೇ ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಗುಂಡಿಯನ್ನು ಒತ್ತಿ ಹಿಡಿದರೆ ಅದರ ಈಗಿನ ಕೆಲಸದ ಹೆಸರು ಪರದೆಯಲ್ಲಿ ಕಾಣುತ್ತದೆ. ಇನ್ನೂ ಹಿಡಿದೇ ಇದ್ದರೆ ‘ನಲ್’ ಎಂದು ತೋರಿಸಿ ಆಜ್ಞೆ ರದ್ದಾಗುತ್ತದೆ. ಅಚ್ಚುಕಟ್ಟಾದ ಏರ್ಪಾಡು. ಆದರೆ ಅದು ನೆರವಿಗೆ ಬರುವುದು ಗುಂಡಿ ಇದೇ ಇರಬೇಕೆಂದು ಊಹಿಸಿದ ಮೇಲೆ. ತಿಂಗಳುಗಟ್ಟಲೆ ಬಿಟ್ಟ ಪ್ರೋಗ್ರಾಮಿಗೆ ಮರಳಿದವರಿಗೆ ಆ ಊಹೆಯೇ ಹೊಳೆಯುವುದಿಲ್ಲ. ಹಾಳೆಯಾದರೆ ಎಲ್ಲವನ್ನೂ ಒಂದೇ ನೋಟಕ್ಕೆ ತೋರಿಸುತ್ತದೆ. ಅದಕ್ಕೇ ನಾನು ಹಾಳೆಯ ಪರ.

ಆದರೆ ಮನೆಯಲ್ಲಿ ಮಾಡಿದ ಹಾಳೆಗಳು ಸೋಲುವುದು ಬಂಗಾರದ ಬಣ್ಣದ ಅಕ್ಷರಗಳ ಹತ್ತಿರ. ಎಚ್‌ಪಿ-41ರಲ್ಲಿ ಶಿಫ್ಟ್ ಒತ್ತಿ ಪಡೆಯುವ ಕೆಲಸಗಳ ಹೆಸರು ಗುಂಡಿಯ ಮೇಲಿಲ್ಲ, ಗುಂಡಿಯ ನೆತ್ತಿಗೆ, ಯಂತ್ರದ ಮೈಮೇಲೆ ಇದೆ. ಹಾಳೆ ಕೂರುವುದು ಸರಿಯಾಗಿ ಅದರ ಮೇಲೆಯೇ. ಹೊಸ ಹೆಸರು ಬರೆಯುವ ಹುರುಪಿನಲ್ಲಿ ಹಳೆಯ ಅರ್ಧ ಕೀಲಿಮಣೆ ಮುಚ್ಚಿಹೋಗುತ್ತದೆ. ಬದಲಾಗದ ಗುಂಡಿಗಳ ಶಿಫ್ಟ್ ಹೆಸರುಗಳನ್ನು ಹಾಳೆಯಲ್ಲಿ ಅದೇ ಬಣ್ಣದಲ್ಲಿ ಮತ್ತೆ ಅಚ್ಚುಹಾಕಲೇಬೇಕು. ಇನ್ನು ಎರಡು ಸಾಲುಗಳ ನಟ್ಟನಡುವೆ ಹೆಸರು ಬರೆದರೆ ಅದು ಮೇಲಿನ ಗುಂಡಿಯದೋ ಕೆಳಗಿನದೋ ತಿಳಿಯದು. ತನ್ನ ಗುಂಡಿಗೆ ಒತ್ತಿಕೊಂಡೇ ಇರಬೇಕು. ಒಂದೇ ಪ್ರೋಗ್ರಾಮಿಗೆ ಇಡೀ ಹಾಳೆ ತುಂಬಿಸುವ ಚಾಳಿಯೂ ನನಗೆ ಹಿಡಿಸದು. ಯೂಸರ್ ಸ್ಥಿತಿಯಲ್ಲಿ ಮೇಲಿನ ಎರಡು ಸಾಲುಗಳು ತಾವಾಗಿಯೇ ಪ್ರೋಗ್ರಾಮಿನ ‘ಎ’ಯಿಂದ ‘ಜೆ’ವರೆಗಿನ ಲೇಬಲ್‌ಗಳನ್ನು ಹುಡುಕಿಕೊಳ್ಳುತ್ತವೆ; ಹೆಚ್ಚಿನ ಕೆಲಸಗಳಿಗೆ ಆ ಹತ್ತು ಹೆಸರು ಧಾರಾಳವಾಯಿತು.

ಪ್ರಿಂಟಿನಲ್ಲಿ ದೊಡ್ಡ ಶತ್ರುವೆಂದರೆ ಪುಟಕ್ಕೆ ತಕ್ಕಂತೆ ಕುಗ್ಗಿಸುವ ಸೆಟಿಂಗ್. ಶೇ. 3ರಷ್ಟು ಕುಗ್ಗಿದರೂ 100 ಮಿ.ಮೀ.ಗೆ 3 ಮಿ.ಮೀ. ವ್ಯತ್ಯಾಸ: ಮೇಲಿನ ಸಾಲು ಸರಿಯಾಗಿ ಕೂತರೂ ಕೆಳಗಿನ ಗುಂಡಿಗಳು ಕಿಂಡಿಯ ಅಂಚಿಗೆ ತಾಗಿ ಸಿಕ್ಕಿಕೊಳ್ಳುತ್ತವೆ. ಪಾರದರ್ಶಕ ಹಾಳೆಯ ಹಿಂಬದಿಗೆ ಅಕ್ಷರಗಳನ್ನು ತಿರುವುಮುರುವಾಗಿ ಅಚ್ಚುಹಾಕಿದರೆ ಬೆರಳಿನ ಉಜ್ಜಾಟಕ್ಕೆ ಶಾಯಿ ಅಳಿಸುವುದಿಲ್ಲ.

ಎಚ್‌ಪಿ-20ಬಿ, 30ಬಿಗಳಿಗೆ ಬೇರೆ ಸಾಫ್ಟ್‌ವೇರ್ ತುಂಬಿ ‘ಡಬ್ಲ್ಯುಪಿ 34ಎಸ್’ ಮಾಡಿಕೊಳ್ಳುವವರ ಮಾತು ಬೇರೆ. ಅಲ್ಲಿ ಕೀಲಿಮಣೆಯೇ ಹೊಸದು, ಖಾಯಂ ಸ್ಟಿಕರ್ ಅಂಟಿಸುವುದೇ ಸರಿ. ಪ್ರೋಗ್ರಾಮಿನೊಂದಿಗೆ ಗುಂಡಿಯ ಕೆಲಸವೂ ಬದಲಾಗುವ 41ಸಿಗೆ ಮಾತ್ರ ತೆಗೆದು ಹಾಕಬಲ್ಲ ಹಾಳೆಯೇ ಬೇಕು.

ತಮ್ಮ ವಿನ್ಯಾಸ ಹಂಚಿಕೊಳ್ಳುವವರಲ್ಲಿ ನನ್ನದೊಂದು ಕೋರಿಕೆ: ಹಾಳೆಯ ಮೂಲೆಯಲ್ಲಿ ಪ್ರೋಗ್ರಾಮಿನ ಹೆಸರು ಬರೆಯಿರಿ, ಕಡತದ ಬದಿಗೆ 100 ಮಿ.ಮೀ.ನ ಒಂದು ಗೆರೆ ಎಳೆಯಿರಿ. ಪ್ರಿಂಟ್ ತೆಗೆದವರು ಕತ್ತರಿ ಹಾಕುವ ಮುನ್ನ ಸ್ಕೇಲ್ ಇಟ್ಟು ನೋಡಿಕೊಳ್ಳಲಿ.